ಡಿವಿಜಿ ಊರಿನ ಪಕ್ಷೇತರರು

ಮುಳಬಾಗಿಲಿನ ಯಾವ ಸಭೆಯಲ್ಲಾದರೂ ಡಿ.ವಿ. ಗುಂಡಪ್ಪನವರ ಹೆಸರು ಬಂತೆಂದರೆ ಅದರ ಹಿಂದೆಯೇ ಎರಡು ವಸ್ತುಗಳು ಬರುತ್ತವೆ: ಕಗ್ಗ ಮತ್ತು ಟ್ರಂಕು. ಕಗ್ಗ ಎಲ್ಲರಿಗೂ ಗೊತ್ತು. ಟ್ರಂಕಿನ ಕಥೆ ಹೀಗೆ: 1975ರಲ್ಲಿ ಡಿವಿಜಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಸರ್ಕಾರದಿಂದ ಬಂದಿದ್ದ ಚೆಕ್ಕುಗಳು ಸಿಕ್ಕವಂತೆ, ಒಂದನ್ನೂ ಅವರು ನಗದು ಮಾಡಿಸಿರಲಿಲ್ಲವಂತೆ. ಈ ಕಥೆಯನ್ನು ನಾನು ಶಾಲಾ ವಾರ್ಷಿಕೋತ್ಸವಗಳಲ್ಲಿ, ರಾಜ್ಯೋತ್ಸವದ ಶಾಮಿಯಾನಾದಲ್ಲಿ, ನಿವೃತ್ತಿಯ ಬೀಳ್ಕೊಡುಗೆಗಳಲ್ಲಿ ಕೇಳಿದ್ದೇನೆ. ಹೇಳುವವರ ಗಂಟಲು ಪ್ರತಿ ಸಲವೂ ಕಟ್ಟುತ್ತದೆ. ವೇದಿಕೆಯ ಮೇಲಿರುವ ಜನಪ್ರತಿನಿಧಿಗಳೂ ಜೋರಾಗಿಯೇ ಚಪ್ಪಾಳೆ ತಟ್ಟುತ್ತಾರೆ.

ಆ ಚಪ್ಪಾಳೆಯೇ ನನ್ನ ಅನುಮಾನಕ್ಕೆ ಕಾರಣ. ಭ್ರಷ್ಟಾಚಾರದ ವಿರುದ್ಧದ ಕಥೆಯೊಂದು ಯಾರಿಗೂ ಇರಿಸುಮುರಿಸು ಮಾಡುವುದಿಲ್ಲ ಎಂದರೆ ಆ ಕಥೆಯಲ್ಲೇ ಏನೋ ಕೊರತೆ ಇರಬೇಕು. ಟ್ರಂಕಿನ ಕಥೆ ಆಡಳಿತದ ಪ್ರಶ್ನೆಯನ್ನು ಒಬ್ಬ ಮನುಷ್ಯನ ಶೀಲದ ಪ್ರಶ್ನೆಯಾಗಿ ಮಾಡಿಬಿಡುತ್ತದೆ. ಡಿವಿಜಿ ಸ್ವತಃ ಹಾಗೆ ಯೋಚಿಸಿದವರಲ್ಲ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಕಾಯ್ದೆ ಹೇರಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಪತ್ರಿಕೆಯ ಸ್ವಾತಂತ್ರ್ಯ ಆಡಳಿತದ ಒಂದು ಅಂಗ ಎಂಬ ಅರಿವು ಅಲ್ಲಿಂದ ಕೊನೆಯವರೆಗೂ ಅವರ ಜೊತೆಗಿತ್ತು. ದಿವಾನ್ ರಂಗಾಚಾರ್ಲು ಅವರ ಬಗ್ಗೆ, ಗೋಖಲೆಯವರ ಬಗ್ಗೆ ಪುಸ್ತಕ ಬರೆದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಪುಸ್ತಕಗಳಲ್ಲಿ ಅವರ ಮುಖ್ಯ ಪಾತ್ರ ಸಂತನಲ್ಲ, ‘ರಾಷ್ಟ್ರಕ’. ಬಜೆಟ್ಟು ಓದುವ, ಪ್ರಶ್ನೆ ಕೇಳುವ, ಸಭೆ ಸೇರುವ ಸಾಮಾನ್ಯ ನಾಗರಿಕ. ಕಗ್ಗವನ್ನು ಬಾಯಿಪಾಠ ಮಾಡುವ ನಾವು ಈ ಪುಸ್ತಕಗಳನ್ನು ಗ್ರಂಥಾಲಯದ ಮೇಲಿನ ಕಪಾಟಿಗೆ ಏರಿಸಿದ್ದೇವೆ. (ಕಗ್ಗದ ಕ್ಯಾಲೆಂಡರು ಮಾಡಬಹುದು, ‘ರಾಜ್ಯಶಾಸ್ತ್ರ’ದ ಕ್ಯಾಲೆಂಡರು ಮಾಡಲಾಗದು ಎಂಬುದೂ ಒಂದು ಕಾರಣವಿರಬಹುದು.)

ಹಾಗೆಂದು ಈ ಪುಸ್ತಕಗಳನ್ನು ಕೆಳಗಿಳಿಸಿ ಓದಿದರೆ ಎಲ್ಲ ಸರಿಹೋಗುತ್ತದೆ ಎಂದೂ ನನಗೆ ಅನ್ನಿಸುವುದಿಲ್ಲ. ಪಕ್ಷ ರಾಜಕಾರಣದ ಬಗ್ಗೆ ಡಿವಿಜಿಯವರಿಗೆ ಆಳವಾದ ಸಂಶಯವಿತ್ತು. ಪಕ್ಷದ ಹಂಗಿಲ್ಲದ, ವಿವೇಕದಿಂದ ಮತ ಕೊಡುವ ಪ್ರತಿನಿಧಿ ಅವರಿಗೆ ಪ್ರಿಯನಾದವನು. ಅವರು ಹುಟ್ಟಿದ ಊರೇ ಈ ನಂಬಿಕೆಯನ್ನು ಪರೀಕ್ಷೆಗೆ ಹಚ್ಚಿತು. 2013ರಲ್ಲೂ 2018ರಲ್ಲೂ ಮುಳಬಾಗಿಲಿನ ಮತದಾರರು ಪಕ್ಷೇತರರನ್ನೇ ಗೆಲ್ಲಿಸಿದರು.

ಮುಂದೆ ನಡೆದದ್ದು ದಾಖಲೆಯಲ್ಲಿದೆ. ಮುಳಬಾಗಿಲು 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2013ರಲ್ಲಿ ಇಲ್ಲಿ ಗೆದ್ದ ಕೊತ್ತೂರು ಜಿ. ಮಂಜುನಾಥ್ ಅವರ ಆಯ್ಕೆಯನ್ನು 2018ರ ಏಪ್ರಿಲ್‌ನಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಅವರು ಸಲ್ಲಿಸಿದ್ದ ಜಾತಿ ಪ್ರಮಾಣಪತ್ರ ಊರ್ಜಿತವಲ್ಲ ಎಂಬುದು ಕಾರಣ. ಮುಂದಿನ ಚುನಾವಣೆಗೆ ಆಗ ಕೆಲವೇ ವಾರ ಉಳಿದಿತ್ತು. ಅಂದರೆ ಒಂದು ಅವಧಿ ಪೂರಾ ಮುಗಿಯುತ್ತ ಬಂದ ಮೇಲೆ ಆ ಸೀಟು ಯಾರದ್ದು ಎಂಬುದಕ್ಕೆ ಕೋರ್ಟಿನಿಂದ ಉತ್ತರ ಬಂತು. 2018ರಲ್ಲಿ ಗೆದ್ದ ಎಚ್. ನಾಗೇಶ್ 2019ರ ಜೂನ್‌ನಲ್ಲಿ ಕುಮಾರಸ್ವಾಮಿ ಸಂಪುಟದಲ್ಲಿ ಮಂತ್ರಿಯಾದರು, ಜುಲೈನಲ್ಲಿ ರಾಜೀನಾಮೆ ಕೊಟ್ಟು ಬೆಂಬಲ ಹಿಂತೆಗೆದುಕೊಂಡರು, ಆಗಸ್ಟ್‌ನಲ್ಲಿ ಯಡಿಯೂರಪ್ಪ ಸಂಪುಟದಲ್ಲಿ ಮತ್ತೆ ಮಂತ್ರಿಯಾದರು. ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ ಪಕ್ಷೇತರರನ್ನು ತಡೆಯುವುದು ಅವರು ಒಂದು ಪಕ್ಷಕ್ಕೆ ಸೇರಿದಾಗ ಮಾತ್ರ. ಡಿವಿಜಿ ಬಯಸಿದ ಹಂಗಿಲ್ಲದ ಸ್ಥಿತಿ ಅಕ್ಷರಶಃ ಸಿಕ್ಕಿತು, ಅದರ ಬೆನ್ನಿಗೆ ಇರಬೇಕಾಗಿದ್ದ ರಾಷ್ಟ್ರಕರ ಕಾವಲು ಸಿಗಲಿಲ್ಲ.

ಅದೇ ಜುಲೈನಲ್ಲಿ ಪಕ್ಕದ ಶ್ರೀನಿವಾಸಪುರದ ಶಾಸಕ ಕೆ.ಆರ್. ರಮೇಶ್ ಕುಮಾರ್ ಸ್ಪೀಕರ್ ಪೀಠದಲ್ಲಿದ್ದರು. ಅವರು 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ಒಪ್ಪಲಿಲ್ಲ. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಮತ್ತೆ ನಿಂತವರಲ್ಲಿ ಹೆಚ್ಚಿನವರು ಗೆದ್ದು ಬಂದರು. ಸ್ಪೀಕರ್, ಕೋರ್ಟು, ಕಾಯ್ದೆ ಎಲ್ಲವೂ ತಮ್ಮ ತಮ್ಮ ಕೆಲಸ ಮಾಡಿದವು. ಮತದಾರ ತನ್ನ ಕೆಲಸವನ್ನು ಬೇರೆಯದೇ ಆಗಿ ಅರ್ಥಮಾಡಿಕೊಂಡ.

ಇಲ್ಲಿ ಡಿವಿಜಿಯವರ ಬರಹದ ಇನ್ನೊಂದು ಮಿತಿ ಎದುರಾಗುತ್ತದೆ. ‘ಜ್ಞಾಪಕ ಚಿತ್ರಶಾಲೆ’ಯ ‘ಮೈಸೂರಿನ ದಿವಾನರು’ ಸಂಪುಟವನ್ನು ನಾನು ಎಷ್ಟು ಸಲ ಓದಿದರೂ ಅದರ ಗದ್ಯಕ್ಕೆ ಸೋಲುತ್ತೇನೆ. ದೊಡ್ಡವರ ದೊಡ್ಡತನವನ್ನು ಸಣ್ಣ ಸಂಗತಿಗಳಲ್ಲಿ ಹಿಡಿಯುವುದರಲ್ಲಿ ಕನ್ನಡದಲ್ಲಿ ಅವರಿಗೆ ಸಾಟಿ ಕಡಿಮೆ. ಆದರೆ ಆ ಹಜಾರದಲ್ಲಿ ಯಾರು ಒಳಗಿದ್ದಾರೆ, ಯಾರು ಬಾಗಿಲ ಹೊರಗಿದ್ದಾರೆ ಎಂದು ಕೇಳಿಕೊಂಡರೆ ಓದು ಬೇರೆಯಾಗುತ್ತದೆ. ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯನ್ನು ಯಾರೂ ಅಲ್ಲಗಳೆಯರು. 1918ರಲ್ಲಿ ಅದೇ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಒಂದು ಮುಖ್ಯ ಕಾರಣ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಪ್ರಶ್ನೆ. ಮಿಲ್ಲರ್ ಸಮಿತಿ ನೇಮಕವಾದದ್ದು ಅದೇ ವರ್ಷ. ಕೈ ಶುದ್ಧವಾಗಿದ್ದರೆ ಸಾಕು, ಅದು ಯಾರ ಕೈ ಎಂಬುದು ಮುಖ್ಯವಲ್ಲ ಎಂಬ ನಿಲುವು ಟ್ರಂಕಿನ ಕಥೆಯಲ್ಲೂ ಒಳಗೊಳಗೇ ಇದೆ. ಮೀಸಲು ಕ್ಷೇತ್ರದ ಮತದಾರನಿಗೆ ಈ ಎರಡು ಪ್ರಶ್ನೆಗಳನ್ನು ಬೇರೆ ಮಾಡಲಾಗದು. ಅವನ ಪಾಲಿಗೆ ಪ್ರಾತಿನಿಧ್ಯ ಕೈತಪ್ಪುವುದೇ ಭ್ರಷ್ಟಾಚಾರದ ಅತಿ ಕೆಟ್ಟ ರೂಪ. ನೂರು ರೂಪಾಯಿ ಲಂಚ ಕೊಟ್ಟವನಿಗೆ ಕೆಲಸವಾದರೂ ಆಗುತ್ತದೆ.

ಡಿವಿಜಿಗಿಂತ ಈ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದವರು ಇದೇ ಜಿಲ್ಲೆಯ ಇನ್ನೊಬ್ಬರು, ಮಾಲೂರು ಸೀಮೆಯ ಮಾಸ್ತಿ. ಮೈಸೂರು ಸಿವಿಲ್ ಸರ್ವೀಸಿನಲ್ಲಿ ಮೂರು ದಶಕ ಕಳೆದು, 1943ರಲ್ಲಿ ಹೊರಬಂದವರು. 1956ರ ‘ಚಿಕವೀರ ರಾಜೇಂದ್ರ’ವನ್ನು ಕೊಡಗಿನ ಕೊನೆಯ ಅರಸನ ದುರಂತವೆಂದು ಪಾಠ ಮಾಡುತ್ತಾರೆ. ನಾನು ಅದನ್ನು ಆಡಳಿತದ ಕಾದಂಬರಿಯಾಗಿ ಓದುತ್ತೇನೆ. ಅರಸ ಕೆಟ್ಟವನೆಂಬುದು ಆರಂಭದಲ್ಲೇ ಗೊತ್ತಾಗಿಬಿಡುತ್ತದೆ, ಅದರಲ್ಲಿ ಕುತೂಹಲವಿಲ್ಲ. ಕುತೂಹಲವಿರುವುದು ಸುತ್ತಲಿನ ಒಳ್ಳೆಯವರಲ್ಲಿ. ಮಂತ್ರಿ ಲಕ್ಷ್ಮೀನಾರಾಯಣಯ್ಯ ಸಜ್ಜನ, ಬೋಪಣ್ಣ ಸ್ವಾಭಿಮಾನಿ, ರಾಣಿ ಗೌರಮ್ಮ ಸಹನೆಯ ಮೂರ್ತಿ. ಇವರೆಲ್ಲ ತಮ್ಮ ಒಳ್ಳೆಯತನದಿಂದಲೇ ಆ ದುರಾಡಳಿತವನ್ನು ಇನ್ನಷ್ಟು ದಿನ ನಡೆಯಲು ಬಿಡುತ್ತಾರೆ. ಒಬ್ಬರು ತೇಪೆ ಹಾಕುತ್ತಾರೆ, ಒಬ್ಬರು ಕಾಯುತ್ತಾರೆ, ಒಬ್ಬರು ಮರೆಮಾಚುತ್ತಾರೆ. ನಿಜವಾದ ಅಧಿಕಾರವಿರುವುದು ಅರಸನ ಕೋಣೆಯವರೆಗೆ ನಡೆದು ಹೋಗಬಲ್ಲ ಕುಂಟ ಬಸವನ ಕೈಯಲ್ಲಿ. ಒಳಗಿನಿಂದ ತಿದ್ದುವ ದಾರಿಯೇ ಇಲ್ಲವೆಂದು ಖಾತ್ರಿಯಾದಾಗ 1834ರಲ್ಲಿ ಇಂಗ್ಲಿಷರು ಒಳಬರುತ್ತಾರೆ, ಅವರಿಗೆ ದಾರಿ ಬಿಡುವವನು ಬೋಪಣ್ಣನೇ. ಸರ್ಕಾರಿ ಕಚೇರಿಯಲ್ಲಿ ದಿನ ಕಳೆದವನಿಗಷ್ಟೇ ಗೊತ್ತಿರುವ ಸತ್ಯ ಇದು: ಪ್ರಾಮಾಣಿಕರು ಇದ್ದರೂ ಅವರ ‘ಇಲ್ಲ’ ಎಂಬ ಮಾತು ದಾಖಲಾಗುವ ಜಾಗ ಇರುವುದಿಲ್ಲ.

ಕೋಲಾರದ ಜಿಲ್ಲಾಧಿಕಾರಿಯಾಗಿದ್ದ ಡಿ.ಕೆ. ರವಿಯವರನ್ನು ಇಲ್ಲಿನ ಜನ ಪ್ರೀತಿಸಿದ ರೀತಿಯಲ್ಲೂ ಈ ಸತ್ಯ ಕಾಣುತ್ತದೆ. ಅವರು ಮರಳು ದಂಧೆ ಮತ್ತು ಒತ್ತುವರಿಗಳ ಮೇಲೆ ಕೈಹಾಕಿದ್ದರು. 2014ರಲ್ಲಿ ವರ್ಗವಾದಾಗ ಜನ ಬೀದಿಗಿಳಿದರು, 2015ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ಮತ್ತೆ ಇಳಿದರು. ಅದು ನಿಜವಾದ ದುಃಖ, ಅದನ್ನು ಹಗುರ ಮಾಡಲಾರೆ. ಆದರೆ ಅಧಿಕಾರಿಯ ಫೋಟೋ ಆಟೋಗಳ ಹಿಂದೆ ಅಂಟಿತು, ಅವರು ಮಾಡಿದ್ದ ಕೆಲಸವನ್ನು ಮುಂದಿನವರು ಮಾಡಲೇಬೇಕಾದ ಏರ್ಪಾಡು ಆಯಿತೇ ಎಂದು ಕೇಳಿದವರು ಕಡಿಮೆ. ಅದೇ ವರ್ಷ ಲೋಕಾಯುಕ್ತದೊಳಗೇ ಸುಲಿಗೆಯ ಆರೋಪ ಎದ್ದು, ಲೋಕಾಯುಕ್ತರ ಮಗನ ಬಂಧನವಾಗಿ, ಡಿಸೆಂಬರ್‌ನಲ್ಲಿ ಲೋಕಾಯುಕ್ತರೇ ರಾಜೀನಾಮೆ ಕೊಟ್ಟರು. 2016ರಲ್ಲಿ ಎಸಿಬಿ ಬಂತು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಈ ಕಥೆಗೆ ಆಟೋದ ಹಿಂದೆ ಅಂಟಿಸಬಹುದಾದ ಮುಖವಿಲ್ಲ.

ನಮ್ಮ ಹೊಸ ಬರಹಗಾರರ ಬಗ್ಗೆ ನನ್ನ ತಕರಾರೂ ಇದೇ. ಲಂಚ ಅವರ ಕಥೆಗಳಲ್ಲಿ ಬರುತ್ತದೆ, ಹೆಚ್ಚಾಗಿ ಹೊಟ್ಟೆ ಮುಂದೆ ಬಂದ ಗುಮಾಸ್ತನ ರೂಪದಲ್ಲಿ. ಅವನೆದುರು ಒಬ್ಬ ಶುದ್ಧ ಯುವಕ ನಿಂತಿರುತ್ತಾನೆ. ಕಡತ ಮಾತ್ರ ಬರುವುದಿಲ್ಲ. ಒಂದು ಜಾತಿ ಪ್ರಮಾಣಪತ್ರವನ್ನೇ ನೋಡಿ: ಅರ್ಜಿ, ಗ್ರಾಮಲೆಕ್ಕಿಗರ ವರದಿ, ಕಂದಾಯ ನಿರೀಕ್ಷಕರ ಸಹಿ, ತಹಶೀಲ್ದಾರರ ಮೊಹರು. ಪ್ರತಿ ಹಂತದಲ್ಲೂ ಒಬ್ಬ ಮನುಷ್ಯ ಕುಳಿತಿದ್ದಾನೆ, ಅವನಿಗೊಂದು ಮನೆಯಿದೆ, ವರ್ಗಾವಣೆಯ ಹೆದರಿಕೆಯಿದೆ, ಲಕ್ಷ್ಮೀನಾರಾಯಣಯ್ಯನ ಸಜ್ಜನಿಕೆಯೂ ಇರಬಹುದು. ಆ ಒಂದು ಹಾಳೆ ಐದು ವರ್ಷ ಒಂದು ತಾಲ್ಲೂಕಿನ ವಿಧಾನಸಭಾ ಸೀಟನ್ನು ಹೊತ್ತು ನಿಲ್ಲಬಲ್ಲದು. ಆ ಹಾಳೆ ಮೇಜಿನಿಂದ ಮೇಜಿಗೆ ಹೋಗುವುದನ್ನು ಹಿಂಬಾಲಿಸುವ ಕನ್ನಡ ಕಾದಂಬರಿಯನ್ನು ನಾನಿನ್ನೂ ಓದಿಲ್ಲ.