ಹಿಡಿ ದಪ್ಪಗಾದ ಬ್ರಷ್

ಮಿದುಳಿನ ತೊಂದರೆಯಿಂದ ಬರುವ ಸೆರೆಬ್ರಲ್ ಪಾಲ್ಸಿ ನೇರವಾಗಿ ಹಲ್ಲು ಹುಳುಕು ಮಾಡುವುದಿಲ್ಲ. ಕೈ, ದವಡೆ, ನಾಲಿಗೆಯ ಸ್ನಾಯುಗಳು ಹಿಡಿತಕ್ಕೆ ಸಿಗದೆ ಹಲ್ಲುಜ್ಜುವುದು ಕಷ್ಟವಾಗುತ್ತದೆ, ತಿಂದದ್ದು ಬಾಯಲ್ಲೇ ಉಳಿಯುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯಿಂದ ವಸಡು ಊದಿ ಬೆಳೆಯುವುದೂ ಉಂಟು.

ಇಲ್ಲಿ ಮೊದಲ ಉಪಕರಣ ಮನೆಯ ಬ್ರಷ್ಷೇ. ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ತೊಡಿಸಿ, ಸಂದಿಗೆ ಬಟ್ಟೆ ತುರುಕಿ ಬಿಗಿ ಮಾಡಿದರೆ, ಬೆರಳು ಪೂರ್ತಿ ಮಡಚದ ಕೈಯೂ ಅದನ್ನು ಹಿಡಿಯಬಲ್ಲದು. ಇಷ್ಟು ಅಗ್ಗದಲ್ಲಿ ಇಷ್ಟು ಸ್ವಾವಲಂಬನೆ ಕೊಡುವ ಸಾಧನ ಅಪರೂಪ. ತಾನೇ ಉಜ್ಜಲಾಗದವರಿಗೆ ಮನೆಯವರು ಹಿಂದೆ ನಿಂತು, ತಲೆಯನ್ನು ತಮ್ಮ ಎದೆಗೆ ಆನಿಸಿಕೊಂಡು, ಒಂದು ಕೈಯಲ್ಲಿ ಗದ್ದ ಹಿಡಿದು ಉಜ್ಜಬೇಕು. ಬ್ರಷ್ ಕಚ್ಚಿಕೊಂಡರೆ ಎಳೆಯಬಾರದು. ಎಳೆದಷ್ಟೂ ದವಡೆ ಬಿಗಿಯುತ್ತದೆ. ಅದು ತಾನೇ ಸಡಿಲಾಗುವವರೆಗೆ ಕಾಯುವುದೇ ಈ ಕೆಲಸದ ನಿಜವಾದ ಕಸುಬುದಾರಿಕೆ.

ಮನೆಯಲ್ಲಿ ಆಗದ ಚಿಕಿತ್ಸೆಗೆ ದಂತವೈದ್ಯರ ಬಳಿ ಹೋಗಬೇಕು. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯವರಿಗೆ ದಂತ ಕಾಲೇಜಿರುವ ಹತ್ತಿರದ ಊರು ದಾವಣಗೆರೆ. ಅಲ್ಲಿನ ಬಾಪೂಜಿ ದಂತ ಕಾಲೇಜು ಶುರುವಾದದ್ದು 1979ರಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ರೋಗಿಯನ್ನು ದಂತವೈದ್ಯರ ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಿಸುವುದಿಲ್ಲ, ಎಂಜಲು ಗಂಟಲಿಗೆ ಇಳಿದೀತೆಂದು. ಮಂಡಿಯಡಿ ದಿಂಬಿಟ್ಟರೆ ಕಾಲಿನ ಸೆಡೆತ ತಗ್ಗುತ್ತದೆ. ದವಡೆಯ ನಡುವೆ ಇಡುವ ರಬ್ಬರ್ ಆಸರೆಗೆ ದಾರ ಕಟ್ಟಿರುತ್ತಾರೆ, ಜಾರಿದರೆ ಹೊರಗೆಳೆಯಲು. ಸದ್ದು, ದೀಪ ಎರಡನ್ನೂ ಮುಂಚೆಯೇ ಹೇಳಿ ತೋರಿಸುವ ವೈದ್ಯರ ಕೈಯಲ್ಲಿ ಬೆಚ್ಚಿಬೀಳುವುದು ಕಡಿಮೆ. ಅದಕ್ಕೂ ಒಗ್ಗದಿದ್ದರೆ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಹಲವು ಹಲ್ಲುಗಳ ಚಿಕಿತ್ಸೆ ಮುಗಿಸುತ್ತಾರೆ. ಇನ್ನು ಖರ್ಚಿನ ಮಾತು: ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಸೆರೆಬ್ರಲ್ ಪಾಲ್ಸಿ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ಅನ್ವಯಿಸುತ್ತದೆ.