ಹದಿನಾರು ಚೌಕ, ಒಂದೂ ಮುಖವಿಲ್ಲ

ನಮ್ಮ ವಾಣಿಜ್ಯ ಕಟ್ಟಡಗಳಲ್ಲಿ ಸಿಸಿಟಿವಿಯನ್ನು ಅಳೆಯುವುದು ತಲೆಲೆಕ್ಕದಲ್ಲಿ. ಕೊಟೇಶನ್ ಬರುವುದೇ ‘ಹದಿನಾರು ಚಾನೆಲ್’ ಎಂದು. ರಿಸೆಪ್ಷನ್ನಿನ ಟಿವಿಯಲ್ಲಿ ಹದಿನಾರು ಚೌಕಗಳು ಮಿನುಗಿದರೆ ಮಾಲೀಕರು ನಿಶ್ಚಿಂತರು. ಯಾವ ಚೌಕದಲ್ಲಿ ಏನು ಕಾಣಬೇಕು, ಎಷ್ಟು ಸ್ಪಷ್ಟವಾಗಿ ಕಾಣಬೇಕು ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಕಣ್ಣು ತಪ್ಪುವ ಜಾಗಗಳು ಹುಟ್ಟಿಕೊಳ್ಳುವುದೇ ಇಲ್ಲಿಂದ.

ಐಇಸಿ 62676-4 ಮಾನದಂಡದ 2014ರ ಆವೃತ್ತಿಯ ಲೆಕ್ಕ ನೋಡಿ. ಅಲ್ಲಿ ಯಾರೋ ಇದ್ದಾರೆ ಎಂದು ತಿಳಿಯಲು ದೃಶ್ಯದ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಸಾಕು. ಪರಿಚಿತರನ್ನು ಗುರುತು ಹಿಡಿಯಲು 125 ಬೇಕು. ಅಪರಿಚಿತನೊಬ್ಬನ ಮುಖ ಅನುಮಾನಕ್ಕೆಡೆಯಿಲ್ಲದಂತೆ ಸಿಗಬೇಕಾದರೆ 250. ಪೇಟೆಯಲ್ಲಿ ಧಾರಾಳವಾಗಿ ಸಿಗುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದಕ್ಕೆ 2.8 ಎಂಎಂ ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ ನೂರು ಡಿಗ್ರಿಯಷ್ಟು ಅಗಲ ಕಾಣುತ್ತದೆ, ನೋಡಲು ಭರ್ಜರಿ. ಆದರೆ ಮುಖ ಸಿಗುವುದು ಸುಮಾರು ಮೂರು ಮೀಟರಿನೊಳಗೆ ಮಾತ್ರ. ಹತ್ತು ಮೀಟರ್ ಆಚೆ ನಿಂತವನು ಬರೀ ಅಂಗಿಯ ಬಣ್ಣ. ನಕ್ಷೆಯ ಮೇಲೆ ಬಣ್ಣ ಬಳಿದು ‘ಇಷ್ಟೂ ಕವರ್ ಆಗಿದೆ’ ಎಂದು ತೋರಿಸುವ ಜಾಗದ ಬಹುಪಾಲು ಈ ಅಂಗಿಯ ಬಣ್ಣದ ವಲಯವೇ.

ಕಳ್ಳತನವಾಯಿತು, ಮುಖ ಸಿಗಲಿಲ್ಲ. ಆಗ ಬರುವ ಸಲಹೆ ಒಂದೇ: “ಇನ್ನೆರಡು ಹಾಕ್ಬಿಡೋಣ ಸಾರ್.” ಅದು ವ್ಯಾಪಾರ, ಪರಿಹಾರವಲ್ಲ. ಬಾಗಿಲ ಕಡೆ ನೋಡುವ ಕ್ಯಾಮೆರಾದಲ್ಲಿ 6 ಎಂಎಂ ಲೆನ್ಸ್ ಇದ್ದರೆ ಅದೇ 2 ಮೆಗಾಪಿಕ್ಸೆಲ್ಲಿನಲ್ಲಿ ಏಳು ಮೀಟರಿನವರೆಗೂ ಮುಖ ಸಿಗುತ್ತದೆ. ಉದ್ದನೆಯ ಕಾರಿಡಾರಿನಲ್ಲಿ ಕ್ಯಾಮೆರಾವನ್ನು ತೊಂಬತ್ತು ಡಿಗ್ರಿ ತಿರುಗಿಸಿ ಚಿತ್ರವನ್ನು ಉದ್ದಕ್ಕೆ ನಿಲ್ಲಿಸಿದರೆ ಗೋಡೆಗಳಿಗೆ ಪೋಲಾಗುತ್ತಿದ್ದ ಪಿಕ್ಸೆಲ್‌ಗಳು ದಾರಿಗೆ ಬಂದು ಸೇರುತ್ತವೆ. ತುಂಬ ಎತ್ತರದಲ್ಲಿ ಕೂತದ್ದನ್ನು ಸ್ವಲ್ಪ ಕೆಳಗಿಳಿಸಿದರೆ ಟೋಪಿಯ ಬದಲು ಮುಖ ಕಾಣುತ್ತದೆ. ಇವಕ್ಕೆಲ್ಲ ಬಿಲ್ ಚಿಕ್ಕದು, ಬಹುಶಃ ಅದಕ್ಕೇ ಯಾರೂ ಸೂಚಿಸುವುದಿಲ್ಲ.

ಕೊರತೆ ಹುಡುಕುವ ವಿಧಾನ ಬಲು ಸರಳ. ಒಬ್ಬರು ಮಾನಿಟರ್ ಮುಂದೆ ಕೂರಬೇಕು, ಇನ್ನೊಬ್ಬರು ಫೋನ್ ಕಿವಿಗಿಟ್ಟುಕೊಂಡು ಬೇಸ್‌ಮೆಂಟಿನಿಂದ ಟೆರೇಸ್‌ವರೆಗೆ ನಡೆಯಬೇಕು. “ಈಗ ಕಾಣ್ತಿದೀನಾ?” “ಇಲ್ಲ, ಪಿಲ್ಲರ್ ಅಡ್ಡ.” ಜನರೇಟರ್ ಪಕ್ಕ, ಕಸ ಸಾಗಿಸುವ ಹಿಂಬಾಗಿಲು, ಫೈರ್ ಎಕ್ಸಿಟ್ ಮೆಟ್ಟಿಲಿನ ತಿರುವು, ಇಲ್ಲೆಲ್ಲ ಬರುವ ಉತ್ತರ ‘ಇಲ್ಲ’ ಎಂದೇ. ಕೋನ ಸರಿಯಿಲ್ಲದ ಕ್ಯಾಮೆರಾಕ್ಕೆ ತನ್ನ ಕಾಲಬುಡವೇ ಕಾಣದು, ದೀಪದ ಬುಡ ಕತ್ತಲೆಂಬಂತೆ. ಈ ನಡಿಗೆಯನ್ನು ರಾತ್ರಿಯೂ ಮಾಡಬೇಕು. ಹಗಲು ಚೆನ್ನಾಗಿದ್ದ ಚಿತ್ರ ರಾತ್ರಿ ಜೇಡರಬಲೆಯಿಂದ ಬೆಳ್ಳಗಾಗಿರುತ್ತದೆ: ಇನ್‌ಫ್ರಾರೆಡ್ ದೀಪಕ್ಕೆ ಹುಳ, ಹುಳಕ್ಕೆ ಜೇಡ. ರ‍್ಯಾಂಪ್ ಏರಿ ಬರುವ ಕಾರಿನ ಹೆಡ್‌ಲೈಟ್ ಎದುರು ನಂಬರ್ ಪ್ಲೇಟ್ ಪೂರಾ ಅಳಿಸಿಹೋಗುತ್ತದೆ. ಅದನ್ನು ಓದಲು ಶಟರ್ ವೇಗ ಹೊಂದಿಸಿದ ಬೇರೆಯೇ ಕ್ಯಾಮೆರಾ ಬೇಕು, ಇಲ್ಲಿ ಮಾತ್ರ ಖರ್ಚು ನ್ಯಾಯವಾದದ್ದು. ಇನ್ನು ಹಬ್ಬದ ಹೊತ್ತಿಗೆ ಹೊಸ ಬಾಡಿಗೆದಾರರು ಕ್ಯಾಮೆರಾಕ್ಕೆ ಅಡ್ಡವಾಗಿ ನೇತುಹಾಕುವ ಫ್ಲೆಕ್ಸ್! ಆರು ತಿಂಗಳಿಗೊಮ್ಮೆಯಾದರೂ ಹೀಗೆ ನಡೆದು ನೋಡದಿದ್ದರೆ ಹಳೆಯ ನಕ್ಷೆಗೆ ಬೆಲೆಯಿಲ್ಲ.

ಜಾಗದ ಕೊರತೆಗಿಂತ ನನಗೆ ಹೆಚ್ಚು ಆಕ್ಷೇಪವಿರುವುದು ಕಾಲದ ಕೊರತೆಯ, ಅಂದರೆ ದೃಶ್ಯ ಉಳಿಯುವ ದಿನಗಳ ಕೊರತೆಯ ಬಗ್ಗೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನಗಳ ದೃಶ್ಯ ಉಳಿಸಬೇಕು ಎನ್ನುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಎಡೆಬಿಡದೆ ದಾಖಲಿಸಿದರೆ ದಿನಕ್ಕೆ 21.6 ಜಿಬಿ. ಹದಿನಾರಕ್ಕೆ 30 ದಿನವೆಂದರೆ 10 ಟಿಬಿಗೂ ಹೆಚ್ಚು. ಅಂಥಲ್ಲಿ 2 ಟಿಬಿ ಹಾರ್ಡ್‌ಡಿಸ್ಕ್ ಹಾಕಿ ಮುಗಿಸಿದರೆ ಆರನೇ ದಿನಕ್ಕೇ ಹಳೆಯದರ ಮೇಲೆ ಹೊಸದು. ಎಂಟು ದಿನ ತಡವಾಗಿ ಗೊತ್ತಾದ ಕಳ್ಳತನದ ಪಾಲಿಗೆ ಆ ಕಟ್ಟಡದಲ್ಲಿ ಕ್ಯಾಮೆರಾವೇ ಇರಲಿಲ್ಲ. ರೆಕಾರ್ಡರನ್ನು ಕೌಂಟರ್ ಕೆಳಗೇ ಇಟ್ಟಿದ್ದರಂತೂ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ.

ಚಿತ್ರ ಪರಿಪೂರ್ಣವಾಗಿದ್ದಾಗಲೂ ಆಗುವುದೇನೆಂದು ಬೆಂಗಳೂರು ನೋಡಿದೆ. 2013ರ ನವೆಂಬರ್ 19ರಂದು ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಹಲ್ಲೆಕೋರನ ಮುಖ ಸಹಿತ ಎಲ್ಲವನ್ನೂ ಕ್ಯಾಮೆರಾ ದಾಖಲಿಸಿತ್ತು. ಅವನು ಶಟರ್ ಎಳೆದು ಹೋದ, ಆಕೆ ಗಂಟೆಗಟ್ಟಲೆ ಒಳಗೇ ಬಿದ್ದಿದ್ದರು. ಅವನು ಸಿಕ್ಕಿದ್ದು 2017ರಲ್ಲಿ. ಹಲ್ಲೆಯ ಹೊತ್ತಿನಲ್ಲಿ ದೃಶ್ಯ ನೋಡುವವರಿರಲಿಲ್ಲ, ಬಾಗಿಲಲ್ಲಿ ಕಾವಲುಗಾರನೂ ಇರಲಿಲ್ಲ. ಯಾವ ಲೆನ್ಸ್ ಬದಲಿಸಿದರೂ ಮುಚ್ಚದ ಕೊರತೆ ಇದು.

ಹಾಗೆಂದು ಎಲ್ಲ ಮೂಲೆಗಳನ್ನೂ ತುಂಬಿಸುವ ಹುಮ್ಮಸ್ಸೂ ಒಳ್ಳೆಯದಲ್ಲ. ಟ್ರಯಲ್ ರೂಮ್, ಶೌಚಾಲಯ, ಸಿಬ್ಬಂದಿ ಬಟ್ಟೆ ಬದಲಿಸುವ ಕೋಣೆ ಕುರುಡಾಗಿಯೇ ಇರಬೇಕು, ಅವುಗಳ ಬಾಗಿಲಿನ ಹೊರಗಿನ ದಾರಿ ಕಂಡರೆ ಸಾಕು.

ವಾರ್ಷಿಕ ನಿರ್ವಹಣೆಯ (ಎಎಂಸಿ) ಕರಾರುಗಳಲ್ಲಿ ಲೆನ್ಸ್ ಒರೆಸುವುದು, ಕೇಬಲ್ ಪರೀಕ್ಷಿಸುವುದು ಇರುತ್ತದೆ. ಇಪ್ಪತ್ತೊಂಬತ್ತು ದಿನಗಳ ಹಿಂದಿನ ರಾತ್ರಿ ಎರಡು ಗಂಟೆಯ ದೃಶ್ಯವನ್ನು ಮಾಲೀಕರ ಮುಂದೆ ತೆಗೆದು ತೋರಿಸಬೇಕು ಎಂಬ ಒಂದು ಸಾಲನ್ನೂ ಸೇರಿಸಬಹುದು. ಅದಕ್ಕೆ ಖರ್ಚಿಲ್ಲ, ಗುತ್ತಿಗೆದಾರರು ಸಹಿ ಹಾಕುತ್ತಾರೆಯೇ ಎಂಬುದಷ್ಟೇ ಅನುಮಾನ.