ಟಿಕ್ಕಾ ಬಿದ್ದ ಎಲೆಗೊಂದು ಲಕೋಟೆ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಳೆಗಾಲದಲ್ಲಿ ಕಡಲೆಕಾಯಿ ಬಿತ್ತಿದವರಿಗೆ ಟಿಕ್ಕಾ ರೋಗವನ್ನು ಪರಿಚಯಿಸಬೇಕಿಲ್ಲ. ಎಲೆಗೆ ಚುಕ್ಕೆ ಬೀಳುತ್ತದೆ, ಎಲೆ ಉದುರುತ್ತದೆ, ಇಳುವರಿ ಕುಸಿಯುತ್ತದೆ. ಆದರೆ ಆ ಒಂದು ಹೆಸರಿನಡಿ ಇರುವುದು ಎರಡು ಶಿಲೀಂಧ್ರ. ಬಿತ್ತಿ ತಿಂಗಳಾಗುವಷ್ಟರಲ್ಲಿ ಬರುವುದರ ಚುಕ್ಕೆ ಕಂದು, ಸುತ್ತ ಸಾಮಾನ್ಯವಾಗಿ ಹಳದಿ ಬಳೆ. ಬೀಜಕಣಗಳು ಹೆಚ್ಚಾಗಿ ಎಲೆಯ ಮೇಲ್ಮೈಯಲ್ಲಿ. ತಡವಾಗಿ ಬರುವುದನ್ನು ನೋಡಲು ಎಲೆ ಮಗುಚಬೇಕು. ಅಡಿಯಲ್ಲಿ ಇದ್ದಿಲಿನಂತೆ ಕಪ್ಪಾದ ಚುಕ್ಕೆ. ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಹಿಡಿದರೆ, ಬೀಜಕಣ ಹೊತ್ತ ಪುಟ್ಟ ಗುಚ್ಛಗಳು ಒಂದರೊಳಗೊಂದು ಉಂಗುರ ಕಟ್ಟಿ ಕೂತಿರುತ್ತವೆ. ಎಷ್ಟು ಸಲ ನೋಡಿದರೂ ನನಗೆ ತಣಿಯದ ನೋಟ ಅದು.

ಜಪಾನಿನ ಹೋರಿ 1917ರಲ್ಲಿ ಮೊದಲನೆಯದಕ್ಕೆ ಪ್ರತ್ಯೇಕ ಹೆಸರು ಕೊಟ್ಟರು. ಅಮೆರಿಕದ ಜೆಂಕಿನ್ಸ್ 1938ರಲ್ಲಿ ಎರಡನ್ನೂ ಸ್ಪಷ್ಟವಾಗಿ ಬಿಡಿಸಿಟ್ಟರು. ಹಾಗಾಗಿ ಅದಕ್ಕಿಂತ ಹಿಂದೆ ಒಣಗಿಸಿ ಲಕೋಟೆಯಲ್ಲಿಟ್ಟ ಎಲೆಯ ಚೀಟಿಯಲ್ಲಿ ಎರಡನೆಯದರ ಹೆಸರು 'ಸರ್ಕೋಸ್ಪೊರ ಪರ್ಸೊನೇಟ' ಎಂದಿದ್ದರೆ ಅಷ್ಟಕ್ಕೇ ಒಪ್ಪಬಾರದು, ಲಕೋಟೆ ಬಿಚ್ಚಿ ಎಲೆಯನ್ನೇ ಕೇಳಬೇಕು. ಆ ಹೆಸರೂ ಆಮೇಲೆ ಹಲವು ಸಲ ಬದಲಾಗಿ ಈಗ 'ನೋಥೊಪಸಲೋರ ಪರ್ಸೊನೇಟ' ಆಗಿದೆ. ಎಲೆ ಮಾತ್ರ ಅದೇ.

ಇಂಥ ಎಲೆಗಳ ದೊಡ್ಡ ಭಂಡಾರ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. ಶಿಲೀಂಧ್ರತಜ್ಞ ಇ.ಜೆ. ಬಟ್ಲರ್ 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರು ಮಾಡಿದ್ದು; 1934ರ ಭೂಕಂಪದ ನಂತರ ಸಂಸ್ಥೆಯೊಂದಿಗೆ ದೆಹಲಿಗೆ ಬಂತು. ನಮ್ಮ ಮೈಸೂರು ಸಂಸ್ಥಾನಕ್ಕೆ ಕೆನಡಾದ ಲೆಸ್ಲಿ ಕೋಲ್ಮನ್ ಶಿಲೀಂಧ್ರತಜ್ಞರಾಗಿ ಬಂದದ್ದು 1908ರಲ್ಲಿ. ಮುಂದೆ 1950ರ ದಶಕದಲ್ಲಿ ಎಂ.ಜೆ. ತಿರುಮಲಾಚಾರ್ ಮತ್ತು ಎಚ್.ಸಿ. ಗೋವಿಂದು ಭಾರತದ ಸರ್ಕೋಸ್ಪೊರ ಗುಂಪಿನ ಶಿಲೀಂಧ್ರಗಳ ಮೇಲೆ ಲೇಖನಗಳನ್ನೇ ಬರೆದರು. ಎಲೆಚುಕ್ಕೆಯಂಥ ಸಣ್ಣ ವಿಷಯಕ್ಕೆ ಅಷ್ಟು ಶ್ರಮವೇ ಎಂದು ಕೇಳುವವರಿಗೆ ಒಮ್ಮೆ ಆ ಉಂಗುರಗಳನ್ನು ತೋರಿಸಬೇಕು.

ಇಂಥ ಎಲೆಯನ್ನು ನೀವೂ ಕೂಡಿಡಬಹುದು. ಅದಕ್ಕೆ ಕೋಲಾರ, ಮಾಲೂರಿನವರಿಗೆ ಕಡಲೆಕಾಯಿ ಹೊಲವೇ ಬೇಕೆಂದಿಲ್ಲ, ಹಿಪ್ಪುನೇರಳೆ ಸೊಪ್ಪಿಗೂ ಸರ್ಕೋಸ್ಪೊರ ಬರುತ್ತದೆ. ಇಬ್ಬನಿ ಆರಿದ ಮೇಲೆ ಎಲೆ ಕೀಳಿ. ಹಳೆ ಪತ್ರಿಕೆಯ ಹಾಳೆಗಳ ನಡುವೆ ಕೆಲವು ಎಲೆ ಮೇಲ್ಮುಖವಾಗಿ, ಕೆಲವು ಕೆಳಮುಖವಾಗಿ ಇಟ್ಟು ಭಾರ ಹೇರಿ, ದಿನವೂ ಹಾಳೆ ಬದಲಿಸಿ. ಪ್ಲಾಸ್ಟಿಕ್ ಚೀಲ ಬೇಡ, ಬೂಸ್ಟು ಹಿಡಿಯುತ್ತದೆ. ಒಣಗಿದ ಮೇಲೆ ಕಾಗದದ ಲಕೋಟೆಗೆ ಹಾಕಿ, ಮೇಲೆ ಪೆನ್ಸಿಲ್ಲಿನಲ್ಲಿ ಬೆಳೆ, ದಿನಾಂಕ, ಕಿತ್ತವರ ಹೆಸರು ಬರೆಯಿರಿ. ಬರೀ 'ಮಾಲೂರು' ಸಾಲದು, ಊರು, ಯಾವ ಕೆರೆಯ ಪಕ್ಕದ ಹೊಲ ಎಂಬುದೂ ಇರಲಿ. ಹಿಪ್ಪುನೇರಳೆಯಾದರೆ ತಳಿ ಎಂ5 ಅಥವಾ ವಿ1 ಎಂದು ಮರೆಯದೆ ಬರೆಯಿರಿ.